ಲಗತ್ತು: ಅಜ್ಜಿಯ ಹಾಡು

ಮೊದಲ ಅರ್ಜಿಯಲ್ಲಿ ‘ಪುರಾವೆಗಳು’ ಅನ್ನುವ ಕಾಲಮ್ಮಿನಲ್ಲಿ ನಾನು ಬರೆದಿದ್ದು ಎರಡೇ ಸಾಲು. ರೇಷನ್ ಕಾರ್ಡಿನ ಜೆರಾಕ್ಸ್, ಮತದಾರರ ಪಟ್ಟಿ. ಕಾಡಿನ ಬುಡಕಟ್ಟು ಜನರಾದ ಸೋಲಿಗರ ಒಂದು ಪೋಡಿನ, ಅಂದರೆ ಅವರ ಹಾಡಿಯ ಪರವಾಗಿ, ಅವರು ತಲೆತಲಾಂತರದಿಂದ ಬಾಳಿಕೊಂಡು ಬಂದ ಕಾಡಿನ ಮೇಲಿನ ಸಮುದಾಯ ಹಕ್ಕಿಗಾಗಿ ಹಾಕಿದ ಅರ್ಜಿ ಅದು. ಎಂಟು ತಿಂಗಳಾದ ಮೇಲೆ ವಾಪಸ್ ಬಂತು. ‘ಪುರಾವೆ ಸಾಲದು, ಚೆಕ್ಕುಬಂದಿ ಸ್ಪಷ್ಟವಿಲ್ಲ’ ಅಂತ ಹಿಂಬರಹ. ಚೆಕ್ಕುಬಂದಿ ಅಂದರೆ ಜಾಗದ ನಾಲ್ಕೂ ಕಡೆಯ ಗಡಿ. ಯಾವ ಕಚೇರಿಯಿಂದ ಬಂತು ಅನ್ನುವುದು ಇಲ್ಲಿ ಬೇಡ. ಅರ್ಧ ತಪ್ಪು ನನ್ನದೇ ಇತ್ತು. ಅದನ್ನು ಹೇಗೆ ಸರಿಮಾಡಿಕೊಂಡೆವು ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ಇಂಥದೇ ಕೆಲಸ ಮಾಡುತ್ತಿರುವ ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಾನು ವಕೀಲೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಪೋಡುಗಳಿಗೆ ಉಚಿತ ಕಾನೂನು ನೆರವಿನ ಕೆಲಸಕ್ಕೆ ಅಂತ ಹೋಗಲು ಶುರುಮಾಡಿದವಳು. ಪೋಡಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು ಲಾಯರಮ್ಮ ಅಂತ. ನನ್ನ ಜೊತೆ ಇನ್ನಿಬ್ಬರು. ಒಬ್ಬ ಅದೇ ಪೋಡಿನ ಹುಡುಗ. ಡಿಗ್ರಿ ಓದಿದ್ದಾನೆ, ಹಬ್ಬದಲ್ಲಿ ಮುಂದೆ ನಿಂತು ಹಾಡುವವನೂ ಅವನೇ. ಇನ್ನೊಬ್ಬಳು ಮೈಸೂರಿನಿಂದ ಬರುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ, ಸೋಲಿಗರ ಹಾಡು ಸಂಗ್ರಹಿಸುವವಳು. ಮೊದಲ ಎರಡು ವರ್ಷ ನಮ್ಮ ಮೂವರ ಕೆಲಸ ಬೇರೆ ಬೇರೆಯಾಗಿಯೇ ಇತ್ತು. ಹಾಡು ಅವಳ ಚೀಲದಲ್ಲಿ, ಕಾನೂನು ನನ್ನ ಚೀಲದಲ್ಲಿ. ಆ ಹುಡುಗ ಬೆಳಿಗ್ಗೆ ನನ್ನ ಜೊತೆ, ಸಂಜೆ ಅವಳ ಜೊತೆ.

ಮೂರೂ ಒಂದೇ ಕೆಲಸ ಅಂತ ಗೊತ್ತಾಗಿದ್ದು ರೊಟ್ಟಿ ಹಬ್ಬದ ಮಾರನೇ ದಿನ.

ರಾಗಿ ಕೊಯ್ಲಾದ ಮೇಲೆ ಹೊಸ ರಾಗಿಯ ರೊಟ್ಟಿ ತಟ್ಟಿ ದೇವರಿಗೆ ಇಟ್ಟು, ಆಮೇಲೆ ರಾತ್ರಿಯಿಡೀ ಗೊರುಗೊರುಕ ಹಾಡಿಕೊಂಡು ಕುಣಿಯುತ್ತಾರೆ. ಆ ರಾತ್ರಿ ಒಬ್ಬ ಅಜ್ಜಿ ಒಂದು ಉದ್ದದ ಹಾಡು ಹೇಳಿದರು. ಎಂಬತ್ತರ ಹತ್ತಿರದ ವಯಸ್ಸು, ಹಲ್ಲಿಲ್ಲ, ಆದರೂ ದನಿ ನಡುಗಲಿಲ್ಲ. ಮಾರನೇ ದಿನ ರೆಕಾರ್ಡಿಂಗ್ ಕೇಳಿಕೊಂಡು ಬರೆದುಕೊಳ್ಳುವಾಗ ವಿದ್ಯಾರ್ಥಿನಿ ಕೆಲವು ಮಾತುಗಳಿಗೆ ಸುತ್ತು ಹಾಕಿ, ಪಕ್ಕದಲ್ಲಿ ‘ಅರ್ಥವಿಲ್ಲ, ರಾಗಕ್ಕೆ ಸೇರಿಸಿದ್ದು’ ಅಂತ ಬರೆದಳು. ಹುಡುಗ ಇಣುಕಿ ನೋಡಿ ಹೇಳಿದ: “ಅಕ್ಕಾ, ಇದು ರಾಗಕ್ಕೆ ಸೇರಿಸಿದ್ದಲ್ಲ. ಇದು ಅಬ್ಬಿ ಹೆಸರು. ಇದು ಒಂದು ಬಂಡೆ. ಇದು ನಮ್ಮ ತಾತಂದಿರ ಹಳೇ ಪೋಡು.”

ಎಣಿಸಿ ನೋಡಿದೆವು. ಒಂದೇ ಹಾಡಿನಲ್ಲಿ ಹದಿನಾಲ್ಕು ಜಾಗದ ಹೆಸರು. ಹೆಸರುಗಳು ಬಂದದ್ದು ನಡೆದುಕೊಂಡು ಹೋದರೆ ಒಂದಾದ ಮೇಲೊಂದು ಸಿಗುವ ಸಾಲಿನಲ್ಲೇ. ನನಗೆ ಮೈ ಜುಮ್ಮೆಂದಿತು. ಕಚೇರಿಯವರು ಕೇಳಿದ್ದ ಚೆಕ್ಕುಬಂದಿಯನ್ನು ಅಜ್ಜಿ ರಾತ್ರಿ ಎಲ್ಲರ ಮುಂದೆ ಹಾಡಿದ್ದರು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ನಿಯಮಗಳು ಬಂದವು, 2012ರಲ್ಲಿ ತಿದ್ದುಪಡಿಯಾಯಿತು. ಅದರ 13ನೇ ನಿಯಮ ಪುರಾವೆಗಳ ಬಗ್ಗೆ. ಸರ್ಕಾರಿ ಕಾಗದಪತ್ರ ಅದರಲ್ಲಿ ಒಂದು ಬಗೆ ಅಷ್ಟೇ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಗೆಡ್ಡೆಗೆಣಸು, ಹಣ್ಣು, ಮೇವು ತರುವ ಜಾಗ, ನೀರಿನ ಸೆಲೆ, ನಾಟಿ ವೈದ್ಯರು ಔಷಧಿ ತರುವ ಕಾಡು, ದೇವರ ಮರ, ಹೂಳುವ ಜಾಗ, ಹಿಂದಿನವರು ಕಟ್ಟಿದ್ದರ ಕುರುಹು, ಇವೆಲ್ಲ ಪುರಾವೆ. ಇಂಥದೇ ಕಾಗದ ಬೇಕು ಅಂತ ಅರ್ಜಿ ಪರಿಶೀಲಿಸುವ ಸಮಿತಿಗಳು ಹಟ ಹಿಡಿಯುವ ಹಾಗಿಲ್ಲ ಅಂತಲೂ ಆ ನಿಯಮಗಳಲ್ಲೇ ಇದೆ. ಉಪಗ್ರಹ ಚಿತ್ರವನ್ನು ಜೊತೆಗೆ ಇಟ್ಟುಕೊಳ್ಳಬಹುದು, ಆದರೆ ಬೇರೆ ಪುರಾವೆಯ ಬದಲಿಗೆ ಅದನ್ನೇ ಹಿಡಿದುಕೊಂಡು ಕೂರುವಂತಿಲ್ಲ.

ಇದನ್ನೆಲ್ಲ ನಾನು ಓದಿದ್ದೆ. ಅರ್ಜಿ ತುಂಬಿಸುವಾಗ ಮಾತ್ರ ಕೈ ಅಭ್ಯಾಸದಂತೆ ಜೆರಾಕ್ಸ್ ಕಡೆಗೇ ಹೋಗಿತ್ತು. ಕೋರ್ಟಿನಲ್ಲಿ ಬೆಳೆದ ಕಣ್ಣಿಗೆ ಸೀಲು ಇದ್ದರೇ ಪುರಾವೆ, ಅಲ್ವಾ?

ದಾರಿ ತೋರಿಸೋಕೆ ಬೇರೆ ಕಡೆ ಹುಡುಕಬೇಕಾಗಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಧಾಮ ಆಯಿತು. ಒಳಗಿನ ಎಷ್ಟೋ ಪೋಡುಗಳನ್ನು ಎಬ್ಬಿಸಿ ಕಾಡಂಚಿಗೆ ತಂದರು. 2011ರ ಜನವರಿಯಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶ ಅಂತಾಯಿತು. ಆದರೂ ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅದಕ್ಕೂ ಮುಂಚೆ ಸೋಲಿಗರು ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯವರ ಜೊತೆ ಕಾಡು ಸುತ್ತಿ ತಮ್ಮ ನಾನೂರಕ್ಕೂ ಹೆಚ್ಚು ಪವಿತ್ರ ಜಾಗಗಳನ್ನು ನಕ್ಷೆಗೆ ತಂದಿದ್ದರು. ಸೋಲಿಗರ ಲೆಕ್ಕದಲ್ಲಿ ಕಾಡು ಅಂದರೆ ‘ಎಲ್ಲೆ’ಗಳು. ಒಂದೊಂದು ಎಲ್ಲೆ ಒಂದೊಂದು ಕುಲದ್ದು. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ. ಅಬ್ಬಿ ಅಂದರೆ ನೀರಿನ ಜಾಗ. ಕಲ್ಲುಗುಡಿ ಸತ್ತವರಿಗೆ ಕಲ್ಲಿಟ್ಟ ಜಾಗ. ನಮ್ಮ ಪೋಡಿಗೂ ಹೀಗೇ ಮಾಡೋಣ ಅಂದುಕೊಂಡೆವು, ಅಜ್ಜಿಯ ಹಾಡನ್ನೇ ಮುಂದಿಟ್ಟುಕೊಂಡು.

ನಡೆಯೋಕೆ ಹೊರಟಿದ್ದು ಫೆಬ್ರವರಿಯಲ್ಲಿ. ಆನೆ ಕಾಟಕ್ಕೆ ಬೆಳಿಗ್ಗೆ ಒಂಬತ್ತರ ಮುಂಚೆ ಕಾಡಿಗೆ ಕಾಲಿಡುತ್ತಿರಲಿಲ್ಲ, ನಾಲ್ಕಕ್ಕೆ ವಾಪಸ್. ಪೋಡಿನ ಯಜಮಾನರು, ಅಜ್ಜಿ, ಅವರ ಸೊಸೆ, ಇಬ್ಬರು ಯುವಕರು, ನಾವು ಮೂವರು. ಅಜ್ಜಿ ಒಂದೊಂದು ಸಾಲು ಹಾಡುವುದು, ಆಮೇಲೆ “ಈಗ ಎಡಕ್ಕೆ ಕನವ್ವ” ಅಂತ ಕೋಲು ತೋರಿಸುವುದು.

ಮೂರನೇ ದಿನದ ಮಧ್ಯಾಹ್ನ ಹಾಡು ಒಂದು ಹಳೇ ಪೋಡಿನ ಹೆಸರಿಗೆ ಬಂದು ನಿಂತಿತು. ನಮ್ಮ ಮುಂದೆ ಇದ್ದದ್ದು ಬರೀ ಲಂಟಾನ. ಆಳೆತ್ತರದ ಪೊದೆ, ಒಳಗೆ ಕೈ ಹಾಕಿದರೆ ಮುಳ್ಳು ತರಚುತ್ತದೆ. ಯಜಮಾನರು ಬೇಸರದಿಂದ ಹೇಳಿದರು, ಮೊದಲು ಬೇಸಿಗೆಯಲ್ಲಿ ತರಗು ಬೆಂಕಿ ಹಾಕುತ್ತಿದ್ದಾಗ ಇದು ಇಷ್ಟು ಬೆಳೆಯುತ್ತಿರಲಿಲ್ಲ ಅಂತ. ಯುವಕರು ಕತ್ತಿಯಲ್ಲಿ ದಾರಿ ಬಿಡಿಸಿದರು. ಅಜ್ಜಿ ಬಗ್ಗಿ ಒಳಗೆ ನುಸುಳಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ತರಗೆಲೆ ಎತ್ತಿ ಎತ್ತಿ ಪಕ್ಕಕ್ಕೆ ಹಾಕಿದರು. ಕೆಳಗೆ ಕಪ್ಪು ಬಂಡೆ. ಅದರಲ್ಲಿ ಒಂದು ಗುಂಡಗಿನ ಕುಳಿ, ತುಂಬಾ ಕೊಳೆತ ಎಲೆ. ಅಜ್ಜಿ ಅದನ್ನೂ ಬಗೆದು ತೆಗೆದು, ಸೆರಗಿನಿಂದ ಒರೆಸಿ, ಮೊಣಕೈವರೆಗೆ ಕೈ ಇಳಿಬಿಟ್ಟು ಒಳಗೆ ಸವರಿದರು. ಒರಳು. ಒಳಗೆ ಕನ್ನಡಿಯ ಹಾಗೆ ನುಣ್ಣಗಿತ್ತು.

“ನಮ್ಮವ್ವ ಇದರಲ್ಲೇ ಕುಟ್ಟುತ್ತಿದ್ದಳು” ಅಂದರು. ಅಷ್ಟೇ. ಕೈ ಮಾತ್ರ ಬಹಳ ಹೊತ್ತು ಆಚೆ ತೆಗೆಯಲಿಲ್ಲ.

ಜಿಪಿಎಸ್‌ಗೆ ಆ ಪೊದೆಯ ಕೆಳಗೆ ಸಿಗ್ನಲ್ ಸಿಗೋಕೆ ಹತ್ತು ನಿಮಿಷ ಬೇಕಾಯಿತು. ಅಳತೆ ತೆಗೆದೆವು, ಫೋಟೊ ತೆಗೆದೆವು, ಯಾರು ಗುರುತಿಸಿದರು ಅಂತ ಬರೆದೆವು. ಅರ್ಜಿಯಲ್ಲಿ ಅದು ‘ಹಿಂದಿನ ವಾಸದ ಕುರುಹು, ಕಲ್ಲಿನ ಒರಳು, ಒಂದು’ ಅಂತ ಬಂತು. ಆ ಸಾಲು ಬರೆಯುವಾಗ ನನಗೆ ಸಂಕಟವಾಯಿತು. ಆದರೆ ಆ ಸಾಲಿಲ್ಲದೆ ಅರ್ಜಿ ನಿಲ್ಲುವುದಿಲ್ಲ.

ಹೇಳಿಕೆ ಬರೆಯುವುದರಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಅಜ್ಜಿ ಹೇಳಿದ್ದನ್ನು ಕಚೇರಿ ಕನ್ನಡಕ್ಕೆ ತಂದು ‘ಸದರಿ ಪ್ರದೇಶವನ್ನು ನಮ್ಮ ಪೂರ್ವಜರು ಅನಾದಿಕಾಲದಿಂದ ಅನುಭವಿಸಿಕೊಂಡು ಬಂದಿರುತ್ತಾರೆ’ ಅಂತ ಬರೆದೆ. ಹೆಬ್ಬೆಟ್ಟು ಹಾಕಿಸುವ ಮುಂಚೆ ಓದಿ ಹೇಳಿದಾಗ ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡರು. “ಇದು ನಾನಾಡಿದ ಮಾತಲ್ಲ ಲಾಯರಮ್ಮ” ಅಂದರು. ನಿಜವೇ. ಆ ಸಾಲನ್ನು ಯಾವ ಊರಿನ ಯಾವ ಜಮೀನಿಗೆ ಬೇಕಾದರೂ ಹಾಕಬಹುದು. ಮತ್ತೆ ಬರೆದೆ, ಅವರ ಬಾಯಲ್ಲಿ ಬಂದ ಹಾಗೇ. ಯಾವ ಅಬ್ಬಿಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ನೆಲ್ಲಿಕಾಯಿಗೆ ಯಾವ ದಾರಿ, ತಮ್ಮ ಮೊದಲ ಮಗುವನ್ನು ಎಲ್ಲಿ ಹೂತರು. ಹನ್ನೊಂದು ಹಿರಿಯರ ಹೇಳಿಕೆ ಹೀಗೇ ಬರೆದೆವು. ಪ್ರತಿಯೊಂದನ್ನೂ ಎರಡು ಸಲ ಓದಿ ಹೇಳಿದೆವು. ಟೈಮ್ ಜಾಸ್ತಿ ಹಿಡಿಯಿತು. ಆದರೆ ಒಬ್ಬರ ಹೇಳಿಕೆ ಇನ್ನೊಬ್ಬರದಕ್ಕೆ ತಾನಾಗಿಯೇ ತಾಳೆಯಾಗುತ್ತಿತ್ತು. ಅಂಥ ತಾಳೆಯನ್ನು ವಕೀಲರು ಬರೆದು ತರೋಕೆ ಆಗುವುದಿಲ್ಲ.

ಎಲ್ಲವನ್ನೂ ನಕ್ಷೆಗೆ ಹಾಕಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಒಂದು ಸಂಜೆ ಸಭೆಯಲ್ಲಿ ನಾವು ರೆಕಾರ್ಡಿಂಗುಗಳನ್ನು ಕೇಳಿಸುತ್ತಿದ್ದಾಗ ಸಾವಿನ ಹೊತ್ತಲ್ಲಿ ಹಾಡುವ ಒಂದು ಹಾಡು ಬಂತು. ಪೂಜೆ ಮಾಡುವ ತಮ್ಮಡಿ ಎದ್ದು ಹೊರಗೆ ಹೋದರು. ಹಿಂದೆಯೇ ಇನ್ನೂ ನಾಲ್ಕು ಜನ ಹೋದರು. ಸತ್ತವರಿಲ್ಲದೆ ಆ ಹಾಡು ಕೇಳಬಾರದು. ರೆಕಾರ್ಡ್ ಮಾಡುವಾಗ ಒಬ್ಬರನ್ನು ಕೇಳಿದ್ದೆವು, ಅವರು ಹೂಂ ಅಂದಿದ್ದರು. ಆದರೆ ಹಾಡು ಒಬ್ಬರದಲ್ಲ. ಮಾರನೇ ದಿನ ಹೋಗಿ ಕ್ಷಮೆ ಕೇಳಿದೆವು. ಅವರ ಎದುರೇ ಅದನ್ನು ಅಳಿಸಿದೆವು. ಅಲ್ಲಿಂದ ಮುಂದೆ ಪೋಡಿನವರೇ ಏಳು ಜನ ಕೂತು ತೀರ್ಮಾನಿಸುತ್ತಿದ್ದರು, ಯಾವುದು ಅರ್ಜಿಗೆ, ಯಾವುದು ವಿದ್ಯಾರ್ಥಿನಿಯ ಪ್ರಬಂಧಕ್ಕೆ, ಯಾವುದು ಎಲ್ಲಿಗೂ ಹೋಗಬಾರದು ಅಂತ. ಜೇನುಬಂಡೆಗಳ ನಿಖರ ಜಾಗ, ಕೆಲವು ಬೇರುಗಳ ಜಾಗ ಕೊನೆಯ ಪಟ್ಟಿಗೆ ಹೋದವು. ಹೊರಗಿನವರು ಬಂದು ದೋಚಿಕೊಂಡು ಹೋಗುವ ಭಯ ಅವರಿಗಿದೆ. ಅದು ಸುಮ್ನೆ ಭಯ ಅಲ್ಲ. ಪ್ರಬಂಧದ ಒಂದು ಇಡೀ ಅಧ್ಯಾಯ ಇದರಿಂದ ಬಿದ್ದುಹೋಯಿತು. ವಿದ್ಯಾರ್ಥಿನಿ ಒಂದೂ ಮಾತಾಡದೆ ಒಪ್ಪಿಕೊಂಡಳು. ಅವಳ ಮೇಲಿನ ಗೌರವ ನನಗೆ ಅವತ್ತಿನಿಂದ ಇನ್ನೂ ಜಾಸ್ತಿ.

ಈ ಮಧ್ಯೆ 2019ರ ಫೆಬ್ರವರಿ ಬಂತು. ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ಎಬ್ಬಿಸಬೇಕು ಅಂತ ಸುಪ್ರೀಂ ಕೋರ್ಟ್ 13ರಂದು ಆದೇಶ ಮಾಡಿತು, 28ಕ್ಕೆ ಅದಕ್ಕೆ ತಡೆ ಕೊಟ್ಟಿತು. ಆ ಹದಿನೈದು ದಿನ ಪೋಡುಗಳಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅರ್ಜಿಯ ಗತಿ ಏನಾಯಿತು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ತಿರಸ್ಕಾರ ಮಾಡಿದರೆ ಕಾರಣ ಬರೆದು ಅರ್ಜಿದಾರರಿಗೆ ತಿಳಿಸಬೇಕು, ಅದರ ವಿರುದ್ಧ ಮೇಲಿನ ಸಮಿತಿಗೆ ಹೋಗೋಕೆ 60 ದಿನ ಇದೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಇಷ್ಟನ್ನು ಪೋಡಿನಿಂದ ಪೋಡಿಗೆ ಹೋಗಿ ಹೇಳುವುದೇ ಆ ತಿಂಗಳ ಕೆಲಸವಾಯಿತು. ಹುಡುಗ ಅದನ್ನು ಗೊರುಗೊರುಕದ ಧಾಟಿಯಲ್ಲಿ ಹಾಡು ಕಟ್ಟಿದ. ನನ್ನ ಭಾಷಣಕ್ಕಿಂತ ಅದೇ ಬೇಗ ತಲುಪಿತು.

ಸಣ್ಣಪುಟ್ಟ ಕೆಲಸಗಳೂ ಜೊತೆಗೇ ನಡೆಯುತ್ತಿದ್ದವು. ಜಾತಿ ಪ್ರಮಾಣಪತ್ರ, ವಿಧವಾ ವೇತನ, ಕೂಲಿ ಬಾಕಿ. ಪರಿಶಿಷ್ಟ ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಈ ನಂಬರನ್ನು ಅಂಗನವಾಡಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆವು.

ಗ್ರಾಮಸಭೆ ಮಾಡಿದ್ದು ರಾತ್ರಿ, ಕೂಲಿಯಿಂದ ಎಲ್ಲರೂ ಬಂದ ಮೇಲೆ. ಅರ್ಧಕ್ಕರ್ಧ ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು. ಇದಕ್ಕಾಗಿ ಎರಡು ಸಲ ಸಭೆ ಮುಂದಕ್ಕೆ ಹಾಕಿದೆವು. ಸಹಿ ಮನೆಮನೆಗೆ ಕಳಿಸಿ ತರಿಸೋಣ ಅಂತ ಯಾರೋ ಅಂದಾಗ ಯಜಮಾನರೇ ಬೇಡ ಅಂದರು. ಅವತ್ತು ನಕ್ಷೆಯನ್ನು ನೆಲದ ಮೇಲೆ ಹಾಸಿದೆವು. ಹೆಂಗಸರು ಸೀಗೆಕಾಯಿ, ಅಂಟುವಾಳಕ್ಕೆ ತಾವು ಹೋಗುವ ದಾರಿ ಬಿಟ್ಟುಹೋಗಿದೆ ಅಂತ ಬೆರಳಿಟ್ಟು ತೋರಿಸಿದರು. ಅಲ್ಲೇ ಕೂತು ತಿದ್ದಿದೆವು.

ಜಂಟಿ ಪರಿಶೀಲನೆಗೆ ಕಂದಾಯದವರು, ಅರಣ್ಯದವರು ಬಂದ ದಿನ ಅಜ್ಜಿಯೇ ಮುಂದೆ ನಡೆದರು. ಒಬ್ಬ ಗಾರ್ಡ್, ವಯಸ್ಸಾದವರು, ಒಂದು ಅಬ್ಬಿಯ ಹತ್ತಿರ ನಿಂತು ತಾವೇ ಅದರ ಹೆಸರು ಹೇಳಿದರು. ಸೋಲಿಗರು ಇಟ್ಟ ಹೆಸರು. ಗಸ್ತು ತಿರುಗುವಾಗ ಅವರೂ ಅದನ್ನೇ ಹೇಳುವುದಂತೆ. ಮಹಜರಿನಲ್ಲಿ ಅದೂ ದಾಖಲಾಯಿತು.

ಎರಡನೇ ಅರ್ಜಿಯ ಕೊನೆಯ ಪುಟದಲ್ಲಿ ಲಗತ್ತುಗಳ ಪಟ್ಟಿ ಇದೆ. ಒಂದು, ಗ್ರಾಮಸಭೆ ನಿರ್ಣಯ. ಎರಡು, ನಕ್ಷೆ. ಮೂರು, ಹಿರಿಯರ ಹೇಳಿಕೆಗಳು. ನಾಲ್ಕು, ಎಲ್ಲೆಯ ಹಾಡು, ಅರ್ಥದೊಂದಿಗೆ, ಐದು ಪುಟ. ಉಪವಿಭಾಗ ಮಟ್ಟದ ಸಮಿತಿ ಈ ಸಲ ಶಿಫಾರಸು ಮಾಡಿ ಜಿಲ್ಲಾ ಸಮಿತಿಗೆ ಕಳಿಸಿದೆ. ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ತಿಂಗಳಿಗೊಮ್ಮೆ ಹೋಗಿ ಕೇಳುತ್ತಲೇ ಇದ್ದೇವೆ.

ಹೋದ ವಾರ ಪೋಡಿಗೆ ಹೋದಾಗ ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಈಗ ನಡೆಯೋಕೆ ಆಗುವುದಿಲ್ಲ. ಹತ್ತಿರ ಕರೆದು, ಹಾಡಿನಲ್ಲಿ ಇನ್ನೊಂದು ಸಾಲಿತ್ತು, ಅವತ್ತು ಮರೆತಿದ್ದೆ ಅಂದರು. ಮೊಮ್ಮಗಳು ಒಳಗಿನಿಂದ ನೋಟ್ ಬುಕ್ಕು ತಂದಳು. ಅಜ್ಜಿ ಹೇಳಿದರು, ಅವಳು ಬರೆದುಕೊಂಡಳು.