ಮೊದಲ ದಿನ ಚಿನ್ನವೆಲ್ಲ ಹೊಳೆಗೇ ವಾಪಸ್

ನಾನು ಗದಗದ ಕಡೆಯವನು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಕತೆ ಕೇಳಿ ಬೆಳೆದವನು. ಮೆಲ್ಬರ್ನಿಗೆ ಬಂದ ಮೇಲೆ ಅದೇ ಹುಚ್ಚು ನನಗೂ ಹತ್ತಿತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1851ರಲ್ಲಿ ಜನ ಚಿನ್ನಕ್ಕೆ ಮುಗಿಬಿದ್ದಿದ್ದರಲ್ಲ, ಆ ಕಡೆಯ ಹೊಳೆಗಳಲ್ಲಿ ಈಗಲೂ ಸಣ್ಣ ಚೂರು ಸಿಗುತ್ತವೆ. 'ಮೈನರ್ಸ್ ರೈಟ್' ಅಂತ ಒಂದು ಪರವಾನಗಿ ಬೇಕು. ಹತ್ತು ವರ್ಷ ನಡೆಯುತ್ತದೆ. ಹೊಳೆಯಲ್ಲಿ ಮೋಟಾರ್, ಪಂಪ್ ಹಚ್ಚುವ ಹಾಗಿಲ್ಲ. ಕೆಲವು ಜಾಗಗಳಲ್ಲಿ ಹುಡುಕುವುದೇ ನಿಷೇಧ, ಮೊದಲೇ ನೋಡಿಕೊಂಡು ಹೋಗಬೇಕು.

ಚಿನ್ನ ಹಿಡಿಯಲು ನಾನು ಬಳಸುವುದು ಸ್ಲೂಯ್ಸ್ ಬಾಕ್ಸ್. ಅಂದರೆ ಎರಡೂ ತುದಿ ತೆರೆದಿರುವ ಕಾಲುವೆಯಂಥ ಪೆಟ್ಟಿಗೆ. ನನ್ನದು ಅಲ್ಯೂಮಿನಿಯಂದು, ನಾಲ್ಕು ಅಡಿ ಉದ್ದ. ತಳದಲ್ಲಿ ರಬ್ಬರ್ ಮ್ಯಾಟ್, ಮೇಲೆ ಅಡ್ಡಪಟ್ಟಿಗಳು. ಹರಿಯುವ ನೀರಲ್ಲಿಟ್ಟು ಮರಳು ಸುರಿದರೆ ಹಗುರವಾದದ್ದು ಕೊಚ್ಚಿಹೋಗುತ್ತದೆ, ಭಾರವಾದದ್ದು ಪಟ್ಟಿಯ ಹಿಂದೆ ಕೂರುತ್ತದೆ. ಬಿಳಿ ಕಲ್ಲಿನ ಮರಳಿಗಿಂತ ಚಿನ್ನ ಏಳು ಪಟ್ಟು ಭಾರ. ಅವ್ವ ಅಕ್ಕಿ ಜಾಲಿಸುತ್ತಿದ್ದದ್ದೂ ಹೀಗೇ ಅಲ್ವಾ? ಅಲ್ಲಿ ತಳದ ಕಲ್ಲು ಎಸೆಯುತ್ತಿದ್ದಳು, ಇಲ್ಲಿ ನಮಗೆ ತಳದ್ದೇ ಬೇಕು.

ಮೊದಲ ದಿನ ನೀರು ಭರ್ರೆಂದು ಹರಿಯುವ ಕಡೆ ಇಟ್ಟೆ. ಜೋರಿದ್ದಷ್ಟೂ ಕೆಲಸ ಬೇಗ ಅಂತ ಲೆಕ್ಕ. ಮೂವತ್ತು ಬಕೆಟ್ ಮರಳು ಹಾಕಿ, ಸೊಂಟ ಮುರಿದುಕೊಂಡು, ಸಂಜೆ ನೋಡಿದರೆ ಪಟ್ಟಿಗಳ ಹಿಂದೆ ಏನೂ ಇಲ್ಲ. ಕಬ್ಬಿಣದ ಕಪ್ಪು ಮರಳೂ ಇಲ್ಲ! ಅದೇ ನಿಲ್ಲದ ಮೇಲೆ ಸಣ್ಣ ಚಿನ್ನ ಎಲ್ಲಿ ನಿಲ್ಲಬೇಕು.

ಮುಂದಿನ ವಾರ ಸುಮ್ನೆ ಅಂದಾಜಿಗೆ ಇಡಲಿಲ್ಲ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಸಣ್ಣ ಗುಂಡು ಹತ್ತು ತೆಗೆದುಕೊಂಡೆ. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಹೆಂಡತಿಯ ಕೆಂಪು ನೈಲ್ ಪಾಲಿಷ್ ಬಳಿದೆ. ಚಿನ್ನಕ್ಕಿಂತ ಸೀಸ ಹಗುರ. ಅಷ್ಟೇ ಗಾತ್ರದ ಸೀಸ ನಿಂತರೆ ಚಿನ್ನವೂ ನಿಲ್ಲುತ್ತದೆ. ಗುಂಡು ಹೊಳೆ ಸೇರಬಾರದಲ್ಲ, ಅದಕ್ಕೆ ಕೆಳತುದಿಗೆ ಟಬ್ ಇಟ್ಟೆ. ಹಳೆಯ ಇಳಿಜಾರಿನಲ್ಲೇ ಹಾಕಿದಾಗ ಆರು ಗುಂಡು ಟಬ್ಬಿಗೆ ಬಿದ್ದವು.

ಆಮೇಲೆ ಅಡಿಗೆ ಒಂದು ಇಂಚಿನಷ್ಟು ಇಳಿಜಾರು ಕೊಟ್ಟೆ. ಅಂದರೆ ಮೇಲ್ತುದಿಗಿಂತ ಕೆಳತುದಿ ನಾಲ್ಕು ಇಂಚು ತಗ್ಗು. ಪಟ್ಟಿಗಳ ಮೇಲೆ ಎರಡು ಇಂಚು ನೀರು. ಅಡ್ಡಕ್ಕೆ ಮಟ್ಟ ಸರಿ ಇರಲೇಬೇಕು, ಇಲ್ಲದಿದ್ದರೆ ಮರಳೆಲ್ಲ ಒಂದೇ ಮಗ್ಗುಲಿಗೆ ಕೂರುತ್ತದೆ. ನಾನು ಚಪ್ಪಟೆ ಕಲ್ಲು ಕೊಟ್ಟು ಕೊಟ್ಟು ಅರ್ಧ ಗಂಟೆ ಒದ್ದಾಡಿದೆ. ಈ ಸಲ ಟಬ್ ಖಾಲಿ.

ಪಟ್ಟಿಯ ಹಿಂದೆ ಮರಳು ಕುಣಿಯುತ್ತಿರಬೇಕು. ಗಟ್ಟಿಯಾಗಿ ತುಂಬಿಕೊಂಡರೆ ನೀರು ಸಾಲದು, ಇಲ್ಲವೇ ನೀವು ಸುರಿಯುವುದು ಜಾಸ್ತಿ. ನಾನೀಗ ಅರ್ಧ ಇಂಚಿನ ಜರಡಿಯಲ್ಲಿ ಕಲ್ಲು ತೆಗೆದು, ಕೈಸಲಿಕೆಯಲ್ಲಿ ಸ್ವಲ್ಪಸ್ವಲ್ಪವೇ ಹಾಕುತ್ತೇನೆ.

ಕೊನೆಗೆ ಪೆಟ್ಟಿಗೆಯನ್ನು ವಾಲಿಸದೆ ಎತ್ತಿ, ಮ್ಯಾಟನ್ನು ಟಬ್ಬಿನಲ್ಲಿ ತೊಳೆದು, ಉಳಿದದ್ದನ್ನು ಪ್ಯಾನಿನಲ್ಲಿ, ಅಂದರೆ ಅಗಲವಾದ ತಟ್ಟೆಯಲ್ಲಿ, ಜಾಲಿಸಬೇಕು. ಪಾತ್ರೆ ತೊಳೆಯುವ ಸೋಪು ಒಂದು ಹನಿ ಹಾಕಿ, ಇಲ್ಲದಿದ್ದರೆ ಪುಡಿ ಚಿನ್ನ ನೀರಿನ ಮೇಲೆ ತೇಲಿ ಹೋಗುತ್ತದೆ. ಅವತ್ತು ಹದಿನೇಳು ಚೂರು ಸಿಕ್ಕಿತು, ಎಲ್ಲ ಸಾಸಿವೆಗಿಂತ ಸಣ್ಣವು. ಗುಂಡಿ ಮುಚ್ಚಿ, ಕಲ್ಲುಗಳನ್ನು ಇದ್ದಲ್ಲೇ ಇಟ್ಟು ಹೊರಟೆ. ಸೀಸದ ಗುಂಡು ಎಣಿಸಿದರೆ ಒಂಬತ್ತೇ. ಹತ್ತನೆಯದು ಮನೆಯಲ್ಲಿ ಮ್ಯಾಟ್ ಒಣಗಿಸುವಾಗ ಅದರ ಗೀರಿನೊಳಗಿಂದ ಉದುರಿತು. ಜೊತೆಗೆ ಇನ್ನೆರಡು ಚೂರು ಚಿನ್ನ.