ಎರಡು ನಿಮಿಷಕ್ಕೊಂದು ಚಮಚ

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಮನೆಗೆ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದೇ ನೀರು. ಮಾವನ ಅಪ್ಪನ ಕಾಲದಿಂದಲೂ ಹಾಗೇ ಕುಡಿದವರು ನಾವು, ಕಾಯಿಸುವ ಅಭ್ಯಾಸ ಇರಲಿಲ್ಲ. ಕಳೆದ ಆಟಿಯ ಜಡಿಮಳೆಗೆ ಅಂಗಳದ ಕೆಸರುನೀರು ಟಾಂಕಿಗೆ ನುಗ್ಗಿತ್ತು. ಎರಡು ದಿನ ಕಳೆದು ನಡುರಾತ್ರಿ ನನಗೆ ವಾಂತಿ-ಭೇದಿ ಶುರುವಾಯಿತು. ಬೆಳಗಾಗುವಾಗ ಒಂಬತ್ತು ಸಲ ಹೋಗಿ ಬಂದಿದ್ದೆ, ಮೀನಖಂಡ ಹಿಡಿದುಕೊಂಡು ಕಾಲೂರಲಿಕ್ಕೂ ಆಗುತ್ತಿರಲಿಲ್ಲ.

ಮನೆಯಲ್ಲಿದ್ದ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ) ಪೊಟ್ಟಣವನ್ನು ಪೂರ್ತಿ ಒಂದು ಲೋಟ ನೀರಿಗೆ ಸುರಿದು ಗಟಗಟ ಕುಡಿದೆ. ಅಷ್ಟೂ ವಾಂತಿಯಾಯಿತು. ಸುದ್ದಿ ತಿಳಿದು ಬಂದ ಆಶಾ ಕಾರ್ಯಕರ್ತೆ ಖಾಲಿ ಪೊಟ್ಟಣ ತಿರುಗಿಸಿ ತೋರಿಸಿದರು: 20.5 ಗ್ರಾಂ, ಒಂದು ಲೀಟರಿಗೆ.

“ಅಕ್ಕಾ, ಲೋಟದಲ್ಲಿ ಕದಡಿದ್ರೆ ಆಗ್ಲಿಕ್ಕಿಲ್ಲ. ದಪ್ಪ ಆದ್ರೆ ಅದು ಮೈಯ ನೀರನ್ನೇ ಕರುಳಿಗೆ ಎಳೀತದೆ, ಭೇದಿ ಜಾಸ್ತಿ ಆಗ್ತದೆ.”

ಕಾಯಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಲ್ಲಿ ಅಳೆದು ಹೊಸ ಪೊಟ್ಟಣ ಕದಡಿದೆವು. ಅತ್ತೆ ಗೋಡೆ ಗಡಿಯಾರ ನೋಡಿಕೊಂಡು ಎರಡು ನಿಮಿಷಕ್ಕೊಂದು ಚಮಚದಂತೆ ಬಾಯಿಗೆ ಹಾಕಿದರು. ನನಗೋ ಬಾಯಾರಿ ಲೋಟವನ್ನೇ ಕಸಿದುಕೊಳ್ಳುವ ಆಸೆ. ಕೇಳಿದರೆ, “ಸುಮ್ಮನಿರು ಮಗಾ, ಇನ್ನೊಂದು ನಿಮಿಷ ಉಂಟು” ಎನ್ನುತ್ತಿದ್ದರು. ಒಂದು ಗಂಟೆ ಕಳೆದರೂ ವಾಂತಿ ಬರಲಿಲ್ಲ. ಮತ್ತೆ ಒಂದೊಂದೇ ಗುಟುಕು. ಸಕ್ಕರೆಯ ಜೊತೆಗಿದ್ದರೆ ಉಪ್ಪನ್ನು ಕರುಳು ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನೋಬಿಸ್ ಇಂಥದೇ ನೀರು ಕುಡಿಸಿ ಎಷ್ಟೋ ಜೀವ ಉಳಿಸಿದ್ದರು. ಆ ಪುಣ್ಯಾತ್ಮರನ್ನು ನಾನು ಈಗಲೂ ನೆನೆಯುತ್ತೇನೆ.

ಮಧ್ಯಾಹ್ನದೊಳಗೆ ಮೂತ್ರ ಹೋಗದಿದ್ದರೆ ಡ್ರಿಪ್ ಹಾಕಿಸಲಿಕ್ಕೆ ಹೊರಡುವುದೆಂದು ಜೀಪಿಗೆ ಹೇಳಿಟ್ಟಿದ್ದೆವು. ಹನ್ನೊಂದು ಗಂಟೆಗೆ ಹೋಯಿತು, ಕಡು ಹಳದಿ. ಸಂಜೆಗೆ ಬಣ್ಣ ತಿಳಿಯಾಯಿತು. ಜ್ವರ ಇರಲಿಲ್ಲ, ಮಲದಲ್ಲಿ ರಕ್ತವೂ ಇರಲಿಲ್ಲ. ಆದ್ದರಿಂದ ಡಾಕ್ಟರು ಆಂಟಿಬಯೋಟಿಕ್ ಬರೆಯಲಿಲ್ಲ.

ಅಂದು ರಾತ್ರಿ ಉಪ್ಪು ಹಾಕಿದ ಕುಚ್ಚಿಲಕ್ಕಿ ಗಂಜಿತೆಳಿ. ಮರುದಿನ ಮೆತ್ತಗಿನ ಗಂಜಿಗೆ ಅತ್ತೆಯ ಕೈಯ ದಾಳಿಂಬೆ ಸಿಪ್ಪೆಯ ತಂಬುಳಿ, ನಾಲಗೆಗೆ ರುಚಿ ಬಂದದ್ದೇ ಅದರಿಂದ. ಭೇದಿ ಮೂರನೇ ದಿನ ನಿಂತಿತು. ಹಾಲು ಕುಡಿದರೆ ಹೊಟ್ಟೆ ಉಬ್ಬುವುದು ಮಾತ್ರ ಇನ್ನೂ ಒಂದು ವಾರ ಇತ್ತು.

ಟಾಂಕಿ ತಿಕ್ಕಿ ತೊಳೆದು ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪುಡಿಯನ್ನು ಬೇರೆ ನೀರಲ್ಲಿ ಕದಡಿ, ಮೇಲಿನ ತಿಳಿಯನ್ನಷ್ಟೇ ಟಾಂಕಿಯ ನೀರಿಗೆ ಹೊಯ್ದು, ಒಂದು ಗಂಟೆ ಬಿಟ್ಟು ಬಳಸಿದೆವು. ಕುಡಿಯುವ ನೀರಿಗೆ ಈಗ ದಿನಾ ರಾತ್ರಿ ಜೀರಿಗೆ ಹಾಕಿ ಒಂದು ಪಾತ್ರೆ ಕುದಿಸಿಡುತ್ತೇವೆ.