ವೆಲ್ಡಿಂಗ್ ನಿಂತ ಮೇಲೂ ಒಬ್ಬ ಕಾಯಬೇಕು

ಸೈಟ್‌ನಲ್ಲಿ ಬೆಂಕಿಯ ಭಯ ಜಾಸ್ತಿ ಇರುವುದು ಸ್ಲ್ಯಾಬ್ ಹಾಕುವಾಗ ಅಲ್ಲ, ಫಿನಿಶಿಂಗ್ ಶುರುವಾದಾಗ. ಮೂರನೇ ಮಹಡಿಯಲ್ಲಿ ರೇಲಿಂಗ್ ವೆಲ್ಡಿಂಗ್ ನಡೆದಿರುತ್ತದೆ. ಎರಡನೆಯದರಲ್ಲಿ ಪೇಂಟರ್ ಥಿನ್ನರ್ ಡಬ್ಬಿ ತೆರೆದಿಟ್ಟಿರುತ್ತಾನೆ. ಅದರ ಕೆಳಗೆ ಬಡಿಗೇರರು ಪ್ಲೈವುಡ್‌ಗೆ ಮೈಕಾ ಅಂಟಿಸುತ್ತಿರುತ್ತಾರೆ, ನೆಲದ ತುಂಬ ಕಟ್ಟಿಗೆ ಹೊಟ್ಟು. ಮೂವರೂ ಬೇರೆ ಬೇರೆ ಗುತ್ತಿಗೆದಾರರು. ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿರುವುದಿಲ್ಲ. ಆದರೆ ಕಿಡಿ ಮಾತ್ರ ಪೈಪುಗಳು ಇಳಿಯುವ ಡಕ್ಟ್ ಹಿಡಿದು ಸೀದಾ ಕೆಳಗಿನ ಮಹಡಿಗೆ ಹೋಗುತ್ತದೆ.

ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಅಪಾರ್ಟ್‌ಮೆಂಟ್ ಮತ್ತು ಅಂಗಡಿ ಕಾಂಪ್ಲೆಕ್ಸ್‌ಗಳ ಸಿವಿಲ್ ಗುತ್ತಿಗೆ ಮಾಡುತ್ತೇನೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದಾದ ಮೇಲೆ ಮಾಲೀಕರು ಕಾಲಂ ಬಗ್ಗೆ, ಸ್ಟೀಲ್ ಬಗ್ಗೆ ನಿಂತು ಕೇಳುತ್ತಾರೆ. ಒಳ್ಳೆಯದೇ. ಬೆಂಕಿಯ ಬಗ್ಗೆ ಕೇಳುವವರು ಈಗಲೂ ಕಡಿಮೆ. ಬೆಂಕಿ ಆರಿಸುವ ಸಾಧನ, ಸಾಕಷ್ಟು ನೀರು, ಅದನ್ನು ಬಳಸಲು ಕಲಿತ ಜನ ಸೈಟ್‌ನಲ್ಲಿ ಇರಬೇಕು ಅಂತ 1998ರ ಕಟ್ಟಡ ಕಾರ್ಮಿಕರ ಕೇಂದ್ರ ನಿಯಮಗಳಲ್ಲೇ ಬರೆದಿದ್ದರು. ಬರೆದದ್ದು ಸೈಟ್‌ನಲ್ಲಿ ನಡೆಯಬೇಕಾದರೆ ಯಾರೋ ಒಬ್ಬನ ಹೆಸರು ಮತ್ತು ಪಗಾರ ಅದಕ್ಕೆ ಅಂಟಿಕೊಂಡಿರಬೇಕು. ನಾನು ಮಾಡಿದ್ದು ಮುಖ್ಯವಾಗಿ ಇಷ್ಟೇ.

ನಮ್ಮಲ್ಲಿ ವೆಲ್ಡಿಂಗ್, ಗ್ಯಾಸ್ ಕಟಿಂಗ್, ಗ್ರೈಂಡಿಂಗ್, ಟೆರೇಸ್ ಮೇಲೆ ಗ್ಯಾಸ್ ಉರಿಯ ಟಾರ್ಚ್ ಹಿಡಿದು ಮಾಡುವ ವಾಟರ್‌ಪ್ರೂಫಿಂಗ್, ಯಾವುದಕ್ಕಾದರೂ ಬೆಳಿಗ್ಗೆ ಅನುಮತಿ ಚೀಟಿ ತಗೊಳ್ಳಬೇಕು. ಯಾವ ಮಹಡಿ, ಯಾರು ಮಾಡುತ್ತಾರೆ, ಕೆಳಗೆ ಏನಿದೆ, ಯಾರು ಕಾಯುತ್ತಾರೆ ಅಂತ ಅದರಲ್ಲಿ ಬರೆಯುತ್ತೇವೆ. ಒಂದು ಚೀಟಿ ಒಂದೇ ದಿನಕ್ಕೆ. ಸೂಪರ್‌ವೈಸರ್ ಆಫೀಸಿನಲ್ಲಿ ಕುಳಿತು ಸಹಿ ಹಾಕುವಂತಿಲ್ಲ, ಆ ಜಾಗಕ್ಕೆ ಹೋಗಿ ನೋಡಿಯೇ ಹಾಕಬೇಕು. ಸುತ್ತ 11 ಮೀಟರ್ ಒಳಗೆ ಉರಿಯುವ ಸಾಮಾನು ಇರಬಾರದು. ಸರಿಸಲು ಆಗದೇ ಇದ್ದರೆ ಫೈರ್ ಬ್ಲಾಂಕೆಟ್ ಮುಚ್ಚಬೇಕು. ಹಸಿ ಗೋಣಿಚೀಲ ಹಾಕುವ ರೂಢಿ ನಮ್ಮ ಕಡೆ ಇದೆ, ನಾನು ಅದನ್ನು ಬಿಡಿಸಿದೆ. ಬಿಸಿಲಿಗೆ ಅದು ಬೇಗ ಒಣಗುತ್ತದೆ. ಹಸಿ ಇರುವಷ್ಟು ಹೊತ್ತು ವೆಲ್ಡರ್‌ಗೆ ಕರೆಂಟ್ ಹೊಡೆಯುವ ಅಪಾಯ. ಡಕ್ಟ್, ಪೈಪಿನ ತೂತು, ಲಿಫ್ಟ್ ಗುಂಡಿಯ ಬಾಯಿ, ಎಲ್ಲವನ್ನೂ ತಗಡಿನಿಂದ ಮುಚ್ಚಿಸುತ್ತೇವೆ.

ಚೀಟಿಗಿಂತ ದೊಡ್ಡದು ಕಾಯುವವನ ಕೆಲಸ. ವೆಲ್ಡಿಂಗ್ ನಡೆದಿರುವಾಗ ಎಲ್ಲರ ಕಣ್ಣು ಅಲ್ಲೇ ಇರುತ್ತದೆ, ಕಿಡಿ ಹತ್ತಿದರೆ ಯಾರಾದರೂ ತುಳಿದು ಆರಿಸುತ್ತಾರೆ. ಅಪಾಯ ಇರುವುದು ಆಮೇಲೆ. ಹೊಟ್ಟಿನಲ್ಲಿ, ಹಳೆ ಅರಿವೆಯಲ್ಲಿ, ಫೋಮ್ ಹಾಳೆಯಲ್ಲಿ ಬಿದ್ದ ಕಿಡಿ ಉರಿ ಕಾಣಿಸದೆ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಅದು ಹೊರಗೆ ಬರುವಷ್ಟರಲ್ಲಿ ಎಲ್ಲರೂ ಮನೆ ಸೇರಿರುತ್ತಾರೆ. ಅದಕ್ಕೇ ಕೆಲಸ ನಿಂತ ಮೇಲೆ ಪೂರ್ತಿ ಒಂದು ಗಂಟೆ ಕಾವಲು. ಸಂಜೆ ಐದೂವರೆಗೆ ಸೈಟ್ ಬಿಡುವುದಾದರೆ ನಾಲ್ಕೂವರೆಗೇ ವೆಲ್ಡಿಂಗ್ ಮಷಿನ್ ಬಂದ್. ಕಾಯುವವನು ಕೆಳಗಿನ ಮಹಡಿಯನ್ನೂ ಗೋಡೆಯ ಆಚೆ ಬದಿಯನ್ನೂ ನೋಡಬೇಕು. ಆ ಹೊತ್ತಿನಲ್ಲಿ ಅವನಿಗೆ ಬೇರೆ ಕೆಲಸ ಹೇಳುವಂತಿಲ್ಲ.

ಈ ವಿಷಯಕ್ಕೆ ವೆಲ್ಡಿಂಗ್ ಗುತ್ತಿಗೆ ಹಿಡಿಯುವ ಫ್ಯಾಬ್ರಿಕೇಟರ್‌ಗಳ ಜೊತೆ ವಾದ ಆಗಿದೆ. ಒಂದು ಆಳು ಸುಮ್ನೆ ನಿಂತರೆ ರೇಟ್ ಹೇಗೆ ಹೊಂದುತ್ತದೆ ಅಂತ ಅವರು ಕೇಳುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ. ಕಾವಲು ಅವರ ರೇಟ್‌ನಲ್ಲೇ ಸೇರಿದ್ದರೆ ಮೊದಲು ಉಳಿತಾಯ ಆಗುವುದು ಅಲ್ಲೇ, ಅಲ್ವಾ? ಹಾಗಾಗಿ ಕಾಯುವವನ ಪಗಾರ ನಾನೇ ಕೊಡುತ್ತೇನೆ, ಅವನ ಹಾಜರಿ ನಮ್ಮ ಪುಸ್ತಕದಲ್ಲೇ ಬರುತ್ತದೆ. ವರ್ಕ್ ಆರ್ಡರ್‌ನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಚೀಟಿ ಇಲ್ಲದೆ ಮಾಡಿದ ವೆಲ್ಡಿಂಗ್ ಬಿಲ್‌ನಲ್ಲಿ ಹಿಡಿಯುವುದಿಲ್ಲ. ಬೋರ್ಡ್ ಹಾಕುವುದಕ್ಕಿಂತ ಈ ಸಾಲು ಹೆಚ್ಚು ಕೆಲಸ ಮಾಡಿದೆ.

ಸಿಲಿಂಡರ್ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಕಪ್ಪು ಬಣ್ಣದ್ದು ಆಕ್ಸಿಜನ್, ಮರೂನ್ ಬಣ್ಣದ್ದು ಅಸಿಟಿಲೀನ್, ನಮ್ಮ ಹುಡುಗರು ಅದಕ್ಕೆ ಡಿಎ ಅನ್ನುತ್ತಾರೆ. ಎರಡನ್ನೂ ನೆಟ್ಟಗೆ ನಿಲ್ಲಿಸಿ ಕಾಲಂಗೆ ಸರಪಳಿ ಕಟ್ಟಬೇಕು. ಅಸಿಟಿಲೀನ್ ಸಿಲಿಂಡರ್ ಒಳಗೆ ಅಸಿಟೋನ್ ಅನ್ನುವ, ಬೇಗ ಹೊತ್ತಿಕೊಳ್ಳುವ ದ್ರವ ಇರುತ್ತದೆ. ಮಲಗಿಸಿ ಬಳಸಿದರೆ ಗ್ಯಾಸ್ ಜೊತೆ ಅದೂ ಹೊರಗೆ ಬರುತ್ತದೆ. ಆಕ್ಸಿಜನ್ ವಾಲ್ವ್‌ಗೆ ಗ್ರೀಸ್ ಮೆತ್ತಿದ ಕೈ ಹಾಕಲೇಬಾರದು. ಒತ್ತಡದ ಆಕ್ಸಿಜನ್‌ನಲ್ಲಿ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಉರಿ ಪೈಪಿನೊಳಗೆ ಹಿಂದಕ್ಕೆ ಹೋಗದಂತೆ ತಡೆಯುವ ಫ್ಲಾಶ್‌ಬ್ಯಾಕ್ ಅರೆಸ್ಟರ್ ಇಲ್ಲದ ಸೆಟ್ ಗೇಟ್ ಒಳಗೆ ಬರುವುದಿಲ್ಲ. ಲೀಕ್ ನೋಡುವುದು ಸೋಪು ನೀರಿನಿಂದ ಮಾತ್ರ.

ಕಾರ್ಮಿಕರ ಶೆಡ್ ಬಗ್ಗೆ ನನಗೆ ಹೆಚ್ಚು ಕಾಳಜಿ, ಯಾಕಂದರೆ ಅಲ್ಲಿ ಮಕ್ಕಳು ಮಲಗುತ್ತವೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕುಟುಂಬಗಳು ರೊಟ್ಟಿ ಬಡಿಯಲೇಬೇಕು, ಅದಕ್ಕೆ ಒಲೆ ಬೇಕೇ ಬೇಕು. ಒಲೆ ಹಚ್ಚಬೇಡಿ ಅಂದರೆ ಶೆಡ್ ಒಳಗೆ ಕದ್ದು ಹಚ್ಚುತ್ತಾರೆ, ಅದು ಇನ್ನೂ ಕೆಟ್ಟದ್ದು. ಶೆಡ್‌ಗಳಿಂದ ದೂರದಲ್ಲಿ ಇಟ್ಟಿಗೆಯ ಒಲೆಕಟ್ಟೆ ಕಟ್ಟಿಸಿ ಮೇಲೆ ತಗಡು ಹೊದಿಸಿದೆವು. ಮೂರು ಬದಿ ಗೋಡೆ ಏರಿಸಿದ್ದೇವೆ, ಆಷಾಢದ ಗಾಳಿಗೆ ಕೆಂಡ ಹಾರಬಾರದಲ್ಲ. ಕಾಂಕ್ರೀಟ್ ಅಚ್ಚಿಗೆ ಬಳಸಿದ ಸೆಂಟ್ರಿಂಗ್ ಹಲಗೆಯ ತುಂಡುಗಳನ್ನು ಒಲೆಗೆ ಹಾಕಬೇಡಿ ಅಂತ ಹೇಳಿ ಬೇರೆ ಕಟ್ಟಿಗೆ ತರಿಸಿಕೊಡುತ್ತೇವೆ. ಆ ತುಂಡುಗಳು ಕಾಂಕ್ರೀಟ್ ಅಂಟದಂತೆ ಬಳಿದ ಶಟರಿಂಗ್ ಎಣ್ಣೆ ಕುಡಿದಿರುತ್ತವೆ. ಭಗ್ಗನೆ ಉರಿಯುತ್ತವೆ, ಹೊಗೆಯೂ ಕೆಟ್ಟದ್ದು. ಶೆಡ್‌ಗೆ ತಾಡಪತ್ರಿ ಬದಲು ತಗಡು ಹಾಕಿಸುತ್ತೇವೆ, ನೀರು ಕಾಯಿಸುವ ಕಾಯಿಲ್ ಬಿಡುವುದಿಲ್ಲ.

ಪ್ರತಿ ಮಹಡಿಯ ಮೆಟ್ಟಿಲ ಹತ್ತಿರ ಬೆಂಕಿ ಆರಿಸುವ 6 ಕೆಜಿಯ ಎಬಿಸಿ ಪೌಡರ್ ಸಿಲಿಂಡರ್, ಕರೆಂಟ್ ಪ್ಯಾನೆಲ್ ಹತ್ತಿರ ಕಾರ್ಬನ್ ಡೈಆಕ್ಸೈಡ್‌ನದು ಇರುತ್ತದೆ. ಕಲಿಸುವುದು ಬಟವಾಡೆ ದಿನ, ಅವತ್ತು ಯಾರೂ ತಪ್ಪಿಸುವುದಿಲ್ಲ. ತಗಡಿನ ತಟ್ಟೆಯಲ್ಲಿ ಬೆಂಕಿ ಹಚ್ಚಿ ಗೌಂಡಿ, ಬಡಿಗೇರ, ಪೇಂಟರ್ ಎಲ್ಲರ ಕೈಯಲ್ಲೂ ಪಿನ್ ಎಳೆಸುತ್ತೇವೆ. ಸಿಲಿಂಡರ್ ಸುಮಾರು 20 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ. ಉರಿಯ ತುದಿಗೆ ಹೊಡೆದರೆ ಪೌಡರ್ ಸುಮ್ನೆ ಹೋಯಿತು, ಬುಡಕ್ಕೆ ಹೊಡೆಯಬೇಕು. ಥಿನ್ನರ್ ಬೆಂಕಿಗೆ ನೀರು ಹಾಕಿದರೆ ಥಿನ್ನರ್ ನೀರಿನ ಮೇಲೆ ತೇಲುತ್ತಾ ಬೆಂಕಿಯನ್ನು ಹರಡುತ್ತದೆ, ಅದನ್ನೂ ಹಿಂದಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳುತ್ತೇವೆ. ಮಾತು ಹೇಗಿದ್ದರೂ 101 ಮತ್ತು 112 ಎಲ್ಲರಿಗೂ ಬಾಯಿಪಾಠ. ಗೇಟ್ ಮುಂದೆ ಉಸುಕು, ಜಲ್ಲಿ ಸುರಿಸುವುದಿಲ್ಲ, ಅಗ್ನಿಶಾಮಕ ಗಾಡಿ ಒಳಗೆ ಬರಬೇಕು.

ಕರೆಂಟ್‌ನಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿದರೆ ಮುಗಿಯಿತು ಅನ್ನುತ್ತಾರೆ. ಅದು ಶಾಕ್‌ನಿಂದ ಮನುಷ್ಯನನ್ನು ಉಳಿಸಲು ಬೇಕೇ ಬೇಕು. ಆದರೆ ಸಡಿಲ ಜಾಯಿಂಟ್ ಬಿಸಿಯಾಗುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಕಣ್ಣಿನಿಂದಲೇ ನೋಡಬೇಕು.

ಇನ್ನು ನೀರು. ನಮ್ಮ ಊರಲ್ಲಿ ನಳದ ನೀರು ಎಲ್ಲ ಕಡೆ ದಿನಾ ಬರುವುದಿಲ್ಲ, ಸೈಟ್‌ಗೆ ಬೋರ್‌ವೆಲ್ ಇಲ್ಲವೇ ಟ್ಯಾಂಕರ್. ಸಂಜೆಗೆ ಕಾಂಕ್ರೀಟಿಗೆ ನೀರುಣಿಸುವ ಕ್ಯೂರಿಂಗ್ ಮುಗಿದರೆ ಟ್ಯಾಂಕ್ ತಳ ಕಂಡಿರುತ್ತದೆ. ಅದಕ್ಕೆ ಕ್ಯೂರಿಂಗ್ ಪೈಪನ್ನು ಟ್ಯಾಂಕಿನ ಮೂರನೇ ಒಂದು ಭಾಗದ ಎತ್ತರದಲ್ಲಿ ಕೂರಿಸಿದ್ದೇನೆ. ಅದರ ಕೆಳಗಿನ ನೀರು ಕ್ಯೂರಿಂಗ್‌ಗೆ ಸಿಗುವುದಿಲ್ಲ, ಬೆಂಕಿಗಾಗಿಯೇ ಉಳಿಯುತ್ತದೆ. ಅದನ್ನು ಎತ್ತಲು ಡೀಸೆಲ್ ಪಂಪ್, ಏಕೆಂದರೆ ಬೆಂಕಿ ಬಿದ್ದಾಗ ಮೇನ್ ಸ್ವಿಚ್ ತೆಗೆಯಲೇಬೇಕು, ಕರೆಂಟ್ ಮೋಟಾರ್ ಆಗ ಕೆಲಸಕ್ಕೆ ಬರುವುದಿಲ್ಲ. ಪಂಪನ್ನು ಪ್ರತಿ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮೇಲಿನ ಮಹಡಿಯವರೆಗೆ ನೀರು ಏರುತ್ತದೆಯೇ ಅಂತ ನೋಡಿಯೇ ಆ ವಾರದ ಮೊದಲ ಚೀಟಿ ಬರೆಯುತ್ತೇವೆ.